ಫರಸಿಯ ಮೇಲೆ ಮಾರ್ಬಲ್ಲು

ಸಿಟ್ಟು ಕೆಟ್ಟದ್ದು ಎಂದು ನಮ್ಮ ವಚನ ಬಳಗದಲ್ಲಿ ತಿಂಗಳಿಗೊಮ್ಮೆ ಓದುತ್ತೇವೆ, ಅರ್ಥ ಹೇಳುತ್ತೇವೆ, ತಲೆದೂಗುತ್ತೇವೆ, ಆಮೇಲೆ ಭಜಿ ತಿಂದು ಮನೆಗೆ ಹೋಗುತ್ತೇವೆ. ಆದರೂ ನನಗೆ ಸಿಟ್ಟು ಬಂದಿದೆ. ಒಬ್ಬರ ಮೇಲಲ್ಲ. ರತ್ನಾಬಾಯಿಯ ಮೇಲೆ ಬಂದಿದೆ, ನನ್ನ ಗಂಡನ ಮೇಲೆ ಬಂದಿದೆ, ಮೊಬೈಲಿನೊಳಗೆ ಸದಾ ನಗುತ್ತಿರುವ ಒಬ್ಬ ಹೆಂಗಸಿನ ಮೇಲೆ ಬಂದಿದೆ, ಮೂರು ಡಬ್ಬಿ ಅಂಟಿನ ಮೇಲಂತೂ ವಿಪರೀತ ಬಂದಿದೆ. ಇದನ್ನು ಬರೆಯುವಾಗ ನನ್ನ ಬಲಗೈಯಲ್ಲಿ ಪೆನ್ನಿದೆ, ಎಡಗೈಯ ಪಕ್ಕದಲ್ಲೇ ಖುರ್ಪಿ ಇದೆ. ಕಳೆ ಕೀಳುವ ಖುರ್ಪಿಗೆ ನಡುಮನೆಯಲ್ಲಿ ಏನು ಕೆಲಸ ಎಂದು ಕೇಳಬೇಡಿ, ಹೇಳುವುದಕ್ಕೇ ಕುಳಿತಿದ್ದೇನೆ.

ನಮ್ಮದು ಶಹಾಬಾದ. ಊರ ಹೆಸರು ಗೊತ್ತಿಲ್ಲದವರೂ ನಮ್ಮ ಊರನ್ನು ತುಳಿದೇ ತುಳಿದಿರುತ್ತಾರೆ. ಎಲ್ಲೆಲ್ಲಿಯ ಶಾಲೆ, ಛತ್ರ, ರೈಲು ನಿಲ್ದಾಣಗಳಿಗೆಲ್ಲ ಇಲ್ಲಿಂದ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಹೋಗಿದೆ. ನನ್ನ ಗಂಡ ಕಾಶೀನಾಥ ಇಪ್ಪತ್ತೆಂಟು ವರ್ಷಗಳಿಂದ ಫರಸಿಗೆ ಪಾಲಿಶ್ ಹೊಡೆಯುವ ಕಾರ್ಖಾನೆಯಲ್ಲಿದ್ದಾರೆ. ಹಾಗಾಗಿ ನಮ್ಮ ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಅಡುಗೆಮನೆಯ ಗೋಡೆಯಲ್ಲಿ ಸಾಮಾನಿಡುವ ಮಾಡ ಕಲ್ಲು, ಬಾಗಿಲ ಮುಂದಿನ ಕಟ್ಟೆ ಕಲ್ಲು, ಹಿತ್ತಲಲ್ಲಿ ಪಾತ್ರೆ ತೊಳೆಯುವ ಜಾಗವೂ ಕಲ್ಲು. ಈ ಮನೆಯಲ್ಲಿ ಕಲ್ಲಲ್ಲದ್ದು ನಾನೊಬ್ಬಳೇ. (ಗಂಡನನ್ನು ನಾನು ಕಲ್ಲಿನ ಲೆಕ್ಕಕ್ಕೇ ಸೇರಿಸಿದ್ದೇನೆ. ಮಾತಾಡುವುದೂ ಅಷ್ಟೇ, ಅಲುಗಾಡುವುದೂ ಅಷ್ಟೇ.)

ಗಲಾಟೆ ಶುರುವಾದದ್ದು ಏಪ್ರಿಲಿನಲ್ಲಿ. ಆ ತಿಂಗಳು ಬಳಗ ಸೇರಿದ್ದು ರತ್ನಾಬಾಯಿಯ ಮನೆಯಲ್ಲಿ. ವಾಡಿ ರಸ್ತೆಯಲ್ಲಿ ಹೊಸದಾಗಿ ಕಟ್ಟಿಸಿದ ಮನೆ. ಮುಖ ಕಾಣುವಂಥ ಟೈಲ್ಸು, ಛಾವಣಿಯ ಕೆಳಗೆ ಇನ್ನೊಂದು ಸುಳ್ಳು ಛತ್ತು, ಅದರೊಳಗೆ ಅಡಗಿಕೊಂಡ ದೀಪಗಳು. ವಚನ ಮುಗಿದ ಮೇಲೆ ಬಳಗದ ಹಿರಿಯರಾದ ನೀಲಾಬಾಯಿ, "ಮೇ ತಿಂಗಳ ಯಾರ ಮನಿ?" ಎಂದು ಕೇಳಿದರು. ಹನ್ನೆರಡು ಜನ ಒಂದೇ ಬಾಯಿಂದ "ಭುವನೇಶ್ವರಿ ಮನಿ!" ಎಂದರು. ಎಂದು, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಮೇ ತಿಂಗಳ ಅಕಿ ಮನಿ ಬಿಟ್ಟು ಬ್ಯಾರೆ ಯಾರ ಮನಿನೂ ಬ್ಯಾಡ ನೋಡ್ರಿ," ಎಂದು ರತ್ನಾಬಾಯಿ ಕೈ ತಿರುವಿದಳು. ಮತ್ತೆ ನಗು.

ಆ ಭುವನೇಶ್ವರಿಯಾದ ನಾನೂ ನಕ್ಕೆ. ಹಲ್ಲು ಮಾತ್ರ ನಕ್ಕವು. ಹೋದ ವರ್ಷದ ಮೇ ತಿಂಗಳನ್ನು ನಾನು ಮರೆತಿರಲಿಲ್ಲ. ಆಗಲೂ ಇವರು ನಮ್ಮ ಮನೆಗೆ ಬಂದಿದ್ದರು. ಮದುವೆಯಲ್ಲಿ ಬಂದು ಇಷ್ಟು ವರ್ಷ ಪೆಟ್ಟಿಗೆಯಲ್ಲೇ ಹೊಸದಾಗಿದ್ದ ನನ್ನ ಜಮಖಾನೆಯನ್ನು ಹಾಸಿದ್ದೆ. ಈ ರತ್ನಾಬಾಯಿ ಏನು ಮಾಡಿದಳು ಗೊತ್ತೆ? ಕಾಲಿನಿಂದ ಜಮಖಾನೆಯನ್ನು ಆಚೆಗೆ ಸರಿಸಿ, ಬರೀ ನೆಲದ ಮೇಲೆ ಕುಳಿತಳು. ಅವಳನ್ನು ನೋಡಿ ಇನ್ನಿಬ್ಬರು ಸರಿಸಿದರು. ನಾನು ಎಂಟು ದಿನ ಬಾಯಿಪಾಠ ಮಾಡಿ ಅರ್ಥ ಹೇಳುತ್ತಿದ್ದರೆ ನೀಲಾಬಾಯಿ ಅಲ್ಲೇ ಅಡ್ಡಾಗಿ ಗೊರಕೆ ಹೊಡೆದರು. ನನ್ನ ಜಮಖಾನೆ ಇವರ ಅಂತಸ್ತಿಗೆ ಸಾಲದು, ನನ್ನ ಮಾತು ಇವರ ನಿದ್ದೆ ತಡೆಯಲು ಸಾಲದು. ಈ ಸಲ ಮತ್ತೆ ನಗಲಿಕ್ಕೆ ಬರುತ್ತಾರಂತೆ! ಬರಲಿ, ಬಾಗಿಲಲ್ಲೇ ಬಾಯಿ ತೆರೆದು ನಿಲ್ಲುವ ಹಾಗೆ ಮಾಡುತ್ತೇನೆ ಎಂದು ಬಸ್ಸಿನಲ್ಲಿ ಬರುವಾಗಲೇ ಶಪಥ ಮಾಡಿದೆ.

ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಒದರಿದೆ. ಅವರು ಚಹಾ ಲೋಟ ಕೆಳಗಿಟ್ಟರು.

"ಅಲ್ಲ ಭುವನಾ, ಅವರು ನಮ್ಮ ಮನಿನೇ ಬೇಕು ಅಂದಿದ್ದು ಯಾಕಂದ್ರ..."

"ಯಾಕಂದ್ರ ನಗಲಿಕ್ಕ! ನಂಗೇನು ಗೊತ್ತಿಲ್ಲೇನು? ನೀವು ಸುಮ್ನ ಕುಂದ್ರ್ರಿ."

ಅವರು ಲೋಟ ಮತ್ತೆ ಎತ್ತಿದರು.

ಆಗ ನನ್ನ ಕೈಹಿಡಿದವಳು ಮೊಬೈಲಿನ ಹೆಂಗಸು. 'ಹತ್ತಿಪ್ಪತ್ತರಲ್ಲಿ ಅರಮನೆ' ಎಂಬುದು ಅವಳ ಕಾರ್ಯಕ್ರಮ. ಅವಳ ಕೂದಲು ಕದಲುವುದಿಲ್ಲ, ಕುಂಕುಮ ಕರಗುವುದಿಲ್ಲ, ಅವಳ ಊರಿನಲ್ಲಿ ಬೇಸಿಗೆಯೇ ಇಲ್ಲವೇನೋ. "ಅತಿಥಿಗಳು ಬಂದಾಗ ನಿಮ್ಮ ಮನೆಯ ಹಳೆಯ ನೆಲ ನಿಮಗೆ ನಾಚಿಕೆ ತರುತ್ತಿದೆಯೇ ಸ್ನೇಹಿತೆಯರೇ?" ಎಂದು ಕೇಳಿದಳು. "ಹೌದವ್ವಾ!" ಎಂದು ನಾನು ಅಡುಗೆಮನೆಯಿಂದಲೇ ಕೂಗಿ ಹೇಳಿದೆ. ಅವಳು ಮುಂದೆ ಏನು ಹೇಳಿದರೂ ಮಾಡಲು ಸಿದ್ಧಳಾಗಿದ್ದೆ. ಹಪ್ಪಳ ಮಾರಿ ಕೂಡಿಟ್ಟ ದುಡ್ಡು ಡಬ್ಬಿಯಲ್ಲಿತ್ತು.

ಮೊದಲು ಪರದೆ. ನನ್ನ ನಾಲ್ಕು ಇಳಕಲ್ ಸೀರೆಗಳನ್ನು ಪಕ್ಕದ ಮನೆಯ ಜಬೀನಳಿಗೆ ಕೊಟ್ಟೆ. ಜಬೀನ ಹೊಲಿಗೆಯವಳು. ಬೇಸಿಗೆಯ ಮಧ್ಯಾಹ್ನವೆಲ್ಲ ಬಟ್ಟೆಯ ಗಂಟು ಹಿಡಿದು ನಮ್ಮ ನಡುಮನೆಗೇ ಬಂದು, ನೆಲಕ್ಕೆ ಒಂದು ತಂಬಿಗೆ ನೀರು ಚಿಮುಕಿಸಿ, ಕಾಲು ಚಾಚಿ ಕುಳಿತು ಗುಂಡಿ ಹಚ್ಚುತ್ತಾಳೆ. ನನ್ನ ಮೇಲಿನ ಪ್ರೀತಿಗೆ ಬರುತ್ತಾಳೆ ಎಂದು ತಿಳಿದಿದ್ದೆ. ಪರದೆ ಚೆನ್ನಾಗಿ ಹೊಲಿದಳು. ಆದರೆ ನೆಲಕ್ಕೆ ಮಾರ್ಬಲ್ಲಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆ ಹಾಸುತ್ತೇನೆ ಎಂದ ಕೂಡಲೇ ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಭಾಬೀ, ಖಿಡಕಿಗಿ ಪರದಾ ಹಾಕ್ರಿ, ಬಾಗಿಲಿಗಿ ಹಾಕ್ರಿ. ನೆಲಕ್ಕ ಯಾಕ ಪರದಾ? ಅದೇನು ಪಾಪ ಮಾಡ್ಯಾದ?"

"ನಿಂಗ ತಿಳ್ಯಂಗಿಲ್ಲ, ಸುಮ್ನ ಹೊಲಿ," ಎಂದೆ.

ಆಮೇಲೆ ಗೋಡೆ. ಹಿಂದೆ ಅಂಟು ಇರುವ, ಬಿಳೀ ಇಟ್ಟಿಗೆಯಂತೆ ಉಬ್ಬಿದ ಮೆತ್ತನೆ ಹಾಳೆಗಳು ಸಿಗುತ್ತವೆ. ಕಲಬುರಗಿಗೆ ಹೋಗಿ ನಲವತ್ತು ತಂದೆ. ಒಂದೂವರೆ ಮೊಳ ದಪ್ಪದ ನಿಜವಾದ ಕಲ್ಲಿನ ಗೋಡೆಗೆ ಸುಳ್ಳು ಇಟ್ಟಿಗೆ ಅಂಟಿಸಿದೆ. (ಈಗ ಬರೆಯುವಾಗ ನನಗೂ ನಗು ಬರುತ್ತಿದೆ. ಆಗ ಯಾರಾದರೂ ನಕ್ಕಿದ್ದರೆ ಅವರಿಗೂ ಒಂದು ಇಟ್ಟಿಗೆ ಅಂಟಿಸುತ್ತಿದ್ದೆ.) ಎಣ್ಣೆಯ ತಗಡಿನ ಡಬ್ಬಿಗಳಿಗೆ ಬಣ್ಣ ಬಳಿದು, ಮೇಲೆ ದಿಂಬು ಕಟ್ಟಿ, ಅವುಗಳಿಗೆ ಆಸನವೆಂಬ ಪದವಿ ಕೊಟ್ಟೆ. ಕಿಟಕಿಗೆ ಪ್ಲಾಸ್ಟಿಕ್ಕಿನ ಬಳ್ಳಿ ಹಬ್ಬಿಸಿದೆ. ಗುಲಾಬಿ ವಾಸನೆಯ ಮೇಣದ ಬತ್ತಿಗಳನ್ನು ನಡುಮನೆಯ ಮಾಡದಲ್ಲಿ ಸಾಲಾಗಿ ನಿಲ್ಲಿಸಿದೆ.

ಕೊನೆಗೆ ನೆಲ. ಹಾಳೆ ಹಾಸುವ ಮುನಾಫ ಅಂಗಡಿಯಿಂದ ಸುರುಳಿ ಹೊತ್ತು ತಂದ. ಬೆಣ್ಣೆಯಂಥ ಬಿಳುಪು, ಅದರಲ್ಲಿ ಬೂದಿ ಬಣ್ಣದ ಎಳೆ, ನೋಡಿದರೆ ಸಾಕ್ಷಾತ್ ಮಾರ್ಬಲ್ಲೇ. ಅವನು ಕೆಳಗೆ ಕುಳಿತು ಬೆರಳ ಗೆಣ್ಣಿನಿಂದ ನಮ್ಮ ಫರಸಿಯನ್ನು ಟಕಟಕ ಬಡಿದು ನೋಡಿದ. ಅಡುಗೆಮನೆಯಲ್ಲಿ, ನಾನು ರೊಟ್ಟಿ ಬಡಿಯಲು ಕೂರುವ ಜಾಗದ ನೀಲಿ ಕಲ್ಲಿನ ಹತ್ತಿರ ತುಸು ಹೊತ್ತು ಕುಳಿತೇ ಬಿಟ್ಟ.

"ಅಮ್ಮಾ, ಇಂಥಾ ಕಲ್ಲು ಈಗ ಖಣಿಯಾಗ ಸಿಗಂಗಿಲ್ರಿ. ಸುಮ್ನ ಮ್ಯಾಲ ಹಾಸಿ, ಅಂಚಿಗಿ ಟೇಪ್ ಹಚ್ಚತೀನಿ. ನಾಳಿ ಬ್ಯಾಡ ಅನಿಸ್ತಂದ್ರ ಸುತ್ತಿ ಇಡ್ಲಿಕ್ಕ ಬರ್ತದ."

"ಯಾಕ ಬ್ಯಾಡ ಅನಿಸ್ತದ? ಅಂಟು ಹಚ್ಚು. ಗಟ್ಟೀದು ಹಚ್ಚು. ಈ ಜನ್ಮದಾಗ ಬಿಡಬಾರದು, ಹಂಗ ಹಚ್ಚು!"

ಪಾಪ, ಅವನು ಹೇಳಿದ ಮಾತು ಕೇಳುವ ಮನುಷ್ಯ. ಹಾಗೇ ಹಚ್ಚಿದ. ಸುರುಳಿ ಅಡುಗೆಮನೆಯ ಹೊಸ್ತಿಲಿನವರೆಗೆ ಸಾಕಾಯಿತು, ಹಿತ್ತಲಿನ ಪಾತ್ರೆ ತೊಳೆಯುವ ಕಟ್ಟೆಗೆ ಸಾಲಲಿಲ್ಲ.

ಸಂಜೆ ಗಂಡ ಕಾರ್ಖಾನೆಯಿಂದ ಬಂದು ಬಾಗಿಲಲ್ಲೇ ನಿಂತರು. ಚಪ್ಪಲಿ ಕೈಯಲ್ಲಿತ್ತು. ಮೈಮೇಲೆ ಎಂದಿನಂತೆ ಕಲ್ಲಿನ ಹುಡಿ. ಹೊಗಳಲಿ ಎಂದು ಕಾದೆ. ಅವರು ನಡುಮನೆ ದಾಟಿ ಸೀದಾ ಅಡುಗೆಮನೆಗೆ ಹೋಗಿ ನೆಲ ನೋಡಿದರು.

"ರೊಟ್ಟಿ ಬಡಿಯೂ ಜಾಗದ್ದೂ ಮುಚ್ಚಿದಿ?"

"ಮುಚ್ಚೀನಿ. ಮುಚ್ಚಿದ್ರ ಪೂರಾ ಮುಚ್ಚಬೇಕು. ಅರ್ಧ ಬಿಟ್ರ ಮಂದಿ ನಗತಾರ."

"ಭುವನಾ, ರತ್ನಾಬಾಯಿ ಗಂಡ ಮೊನ್ನಿ ಕಾರ್ಖಾನಿಗಿ ಬಂದಿದ್ದ. ಅಂವ ಏನಂದ ಅಂದ್ರ, ಈ ಬಳಗದಾಕಿಗಳು..."

"ಅಕಿ ಹೆಸರು ನಮ್ಮ ಮನ್ಯಾಗ ತಗೀಬ್ಯಾಡ್ರಿ ಅಂತ ನೂರು ಸಲ ಹೇಳೀನಿ! ಅಕಿ ಗಂಡನ ಹೆಸರೂ ತಗೀಬ್ಯಾಡ್ರಿ!"

ಅವರು ತಾಟು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡರು. ಮರುದಿನವೂ ಅಲ್ಲೇ ಉಂಡರು. ಮುನಿಸು ಎಂದುಕೊಂಡೆ. ನನಗೇನು, ನಾನು ನನ್ನ ಮಾರ್ಬಲ್ಲಿನ ಮೇಲೆ ಮಹಾರಾಣಿಯಂತೆ ಕುಳಿತು ಒಬ್ಬಳೇ ಉಂಡೆ. ತೊಡೆಗೆ ಹಾಳೆ ಅಂಟಿಕೊಂಡು ಏಳುವಾಗ ಪಟ್ ಎಂದು ಶಬ್ದವಾಯಿತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜಬೀನ ಮಾತ್ರ ಅಂದಿನಿಂದ ಮಧ್ಯಾಹ್ನ ಬರುವುದನ್ನು ಬಿಟ್ಟಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಮೇ ತಿಂಗಳ ಎರಡನೆಯ ಸೋಮವಾರ ಬಂತು. ಆ ದಿನದ ಬಿಸಿಲನ್ನು ಏನೆಂದು ಹೇಳಲಿ! ಬೀದಿಯ ನಾಯಿಗಳೂ ಚರಂಡಿಯೊಳಗಿನ ತಂಪನ್ನು ಪಾಲು ಹಂಚಿಕೊಂಡಿದ್ದವು. ಮೂರು ಗಂಟೆಗೆ ಬಳಗ ಬಂತು. ನಾನು ರೇಷ್ಮೆ ಸೀರೆಯುಟ್ಟು, ಮೇಣದ ಬತ್ತಿ ಹಚ್ಚಿ, ಬಾಗಿಲಲ್ಲಿ ನಿಂತಿದ್ದೆ.

ಅವರನ್ನು ನೋಡಿದಾಗ ನನಗೇನೋ ವಿಚಿತ್ರವೆನಿಸಿತು. ನೀಲಾಬಾಯಿ ಚಿತ್ತಾಪುರದಿಂದ ಬಸ್ಸಿನಲ್ಲಿ ಬಂದಿದ್ದರು, ಬಗಲಲ್ಲಿ ತಲೆದಿಂಬು. ಬಸ್ಸಿನ ಸೀಟು ಒತ್ತುತ್ತದೆಂದು ತಂದಿರಬೇಕು ಎಂದುಕೊಂಡೆ. ಅವರ ಹಿಂದೆ ಬಂದವಳ ಕೈಯಲ್ಲೂ ದಿಂಬು. ಮತ್ತೊಬ್ಬಳ ಹೆಗಲ ಮೇಲೆ ಒದ್ದೆ ಟವೆಲ್ಲು. ರತ್ನಾಬಾಯಿಯಂತೂ ಎರಡು ದಿಂಬು ತಂದಿದ್ದಳು. ಎಲ್ಲರೂ ಸಂಭ್ರಮದಲ್ಲಿದ್ದರು, ಒಬ್ಬರನ್ನೊಬ್ಬರು ದಬ್ಬಿಕೊಂಡು ಒಳಗೆ ನುಗ್ಗಿದರು. ನುಗ್ಗಿ, ಬಾಗಿಲಲ್ಲೇ ಬಾಯಿ ತೆರೆದು ನಿಂತರು. ನನ್ನ ಶಪಥ ಅಕ್ಷರಶಃ ಈಡೇರಿತು.

"ಏನ್ ಛಂದ ಚಾಪಿ ತಂದೀಯವ್ವ," ಎಂದರು ನೀಲಾಬಾಯಿ, ಬಗ್ಗಿ ಮುಟ್ಟಿ ನೋಡಿ. "ಭಾಳ ಛಂದ ಅದ. ಇನ್ನ ಸುತ್ತಿ ಇಡು."

"ಕುಂದ್ರ್ರಿ ಅಕ್ಕಾರ, ಕುಂದ್ರಲಿಕ್ಕೇ ಹಾಸೀನಿ."

"ನಾವು ನೆಲದ ಮ್ಯಾಲ ಕುಂದ್ರತೀವಿ. ಚಾಪಿ ಹೊಲಸಾಗ್ತದ, ಸುತ್ತು."

"ಸುತ್ತಲಿಕ್ಕ ಬರಂಗಿಲ್ರಿ. ಅಂಟಿಸೀನಿ."

"ನೆಲಕ್ಕ?"

"ನೆಲಕ್ಕ."

ಹನ್ನೆರಡು ಜನ ಸುಮ್ಮನಾದರು. ಬಳಗದ ಇತಿಹಾಸದಲ್ಲೇ ಹನ್ನೆರಡು ಜನ ಒಟ್ಟಿಗೆ ಸುಮ್ಮನಾದದ್ದು ಅದೇ ಮೊದಲು. ನನ್ನ ವೈಭವಕ್ಕೆ ಮಾತು ನಿಂತಿದೆ ಎಂದು ತಿಳಿದು, ಎಲ್ಲರನ್ನೂ ಕೂರಿಸಿ, ಪ್ರಾರ್ಥನೆ ಶುರು ಮಾಡಿಸಿದೆ. ಎರಡನೆಯ ಸಾಲಿಗೆ ಕರೆಂಟು ಹೋಯಿತು.

ಫ್ಯಾನು ನಿಂತ ಮೇಲೆ ನನ್ನ ಅರಮನೆಯ ನಿಜವಾದ ಗುಣ ಹೊರಬಿತ್ತು. ಗೋಡೆಯ ತಂಪನ್ನು ಇಟ್ಟಿಗೆ ಹಾಳೆ ತಡೆದಿತ್ತು, ನೆಲದ ತಂಪನ್ನು ಮಾರ್ಬಲ್ಲು ತಡೆದಿತ್ತು, ಬಂದ ಗಾಳಿಯನ್ನು ಇಳಕಲ್ ಪರದೆ ತಡೆದಿತ್ತು. ಗುಲಾಬಿ ವಾಸನೆ, ಅಂಟಿನ ವಾಸನೆ, ಹದಿಮೂರು ಹೆಂಗಸರ ಬೆವರು ಎಲ್ಲವೂ ಸೇರಿದವು. ಮೇಣದ ಬತ್ತಿಗಳು ಸೊಂಟ ಬಾಗಿಸಿ ನಮಸ್ಕಾರ ಮಾಡಿದವು. ಮೇಲಿನ ಸಾಲಿನಿಂದ ಒಂದು ಇಟ್ಟಿಗೆ ಹಾಳೆ ಮೆಲ್ಲಗೆ ಕಳಚಿ ರತ್ನಾಬಾಯಿಯ ತಲೆಯ ಮೇಲೆ ಸೆರಗಿನಂತೆ ಕುಳಿತಿತು. ಆಮೇಲೆ ಇನ್ನೊಂದು, ಮತ್ತೊಂದು. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದವರಿಗೆ ಇಟ್ಟಿಗೆಗಳು ಹೂವಿನಂತೆ ಬಿದ್ದವು. ನೀಲಾಬಾಯಿ ಏಳಲು ಹೋದರು, ಆಗಲಿಲ್ಲ. ಹಾಳೆಯ ಸಂದಿಯಿಂದ ಅಂಟು ಕರಗಿ ಮೇಲೆ ಬಂದು ಅವರ ಸೀರೆಯನ್ನು ಹಿಡಿದುಕೊಂಡಿತ್ತು. ನಾಲ್ಕು ಜನ ಹಿಡಿದು ಎಬ್ಬಿಸಿದೆವು. ಸೀರೆಯ ಒಂದು ಗೇಣು ಇನ್ನೂ ನಮ್ಮ ಮನೆಯಲ್ಲೇ ಇದೆ.

"ಏನ್ ಮಾಡಿಟ್ಟಿಯವ್ವ!" ರತ್ನಾಬಾಯಿಗೆ ಅಳುವೇ ಬಂದಿತ್ತು. ಎರಡೂ ದಿಂಬುಗಳನ್ನು ಎದೆಗೆ ಅವಚಿಕೊಂಡಿದ್ದಳು. "ಏಪ್ರಿಲಿನಿಂದ ದಿನಾ ಎಣಿಸ್ಲಿಕತ್ತೀನಿ ನಾ. ನಮ್ಮ ಹೊಸ ಮನಿ ತಂದೂರ್ ಭಟ್ಟಿ ಆಗ್ಯಾದ, ಮಧ್ಯಾಹ್ನ ಒಂದು ತಾಸು ನಿದ್ದಿಲ್ಲ. ಸೋಮವಾರ ಭುವನೇಶ್ವರಿ ಮನ್ಯಾಗ ಕಲ್ಲಿನ ಮ್ಯಾಲ ಬೆನ್ನು ಹಚ್ಚತೀನಿ, ಹೋದ ವರ್ಷದಂಗ ಹಾಯಾಗಿ ಮಲಗತೀನಿ ಅಂತ... ಎಲ್ಲಾರಿಗೂ ಅದೇ ಹೇಳಿ ನಕ್ಕಿದ್ವಿ. ಪೂರಾ ಮುಚ್ಚೀಯೇನು? ಒಂದು ಮೂಲಿನೂ ಬಿಟ್ಟಿಲ್ಲೇನು?"

ಜಮಖಾನೆಯನ್ನು ಸರಿಸಿದ್ದು, ನೀಲಾಬಾಯಿ ಗೊರಕೆ ಹೊಡೆದದ್ದು, ಏಪ್ರಿಲಿನ ನಗು, ಜಬೀನಳ ಹೊಲಿಗೆ ಗಂಟು, ಎಲ್ಲವೂ ಒಂದರ ಹಿಂದೊಂದು ನನ್ನ ತಲೆಗೆ ಬಂದು ಬಡಿದವು. "ಹಿತ್ತಲದಾಗ ಭಾಂಡೆ ತೊಳಿಯೂ ಕಟ್ಟಿ ಅದ, ಅಷ್ಟ ಉಳದದ," ಎಂದುಬಿಟ್ಟೆ.

ಮುಂದೆ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹನ್ನೆರಡು ಜನ ದಿಂಬು ಸಮೇತ ಹಿತ್ತಲಿಗೆ ಓಡಿದರು. ಬೇವಿನ ನೆರಳಿನ ಆ ಅಗಲ ಕಟ್ಟೆಯ ಮೇಲಿದ್ದ ರೊಟ್ಟಿ ಹಂಚು, ಬೋಗುಣಿ, ಬೆಳಗಿನ ಮುಸುರೆ ಪಾತ್ರೆಗಳನ್ನೆಲ್ಲ ರತ್ನಾಬಾಯಿ ತಾನೇ ಎತ್ತಿ ಬದಿಗಿಟ್ಟಳು. ಎರಡು ಕೊಡ ನೀರು ಸುರಿದರು. ಕಲ್ಲಿನಿಂದ ತಂಪು ಏಳುತ್ತಿದ್ದಂತೆ "ಆಹಾ!" ಎಂದು ಹನ್ನೆರಡು ಬಾಯಿಗಳಿಂದ ಬಂತು. ಆ ಆಹಾ ನನ್ನ ಮಾರ್ಬಲ್ಲಿಗೆ ಬರಬೇಕಾಗಿತ್ತು. ಮುಸುರೆ ಪಾತ್ರೆಗಳ ನಡುವೆ ವಚನ ಓದಿದರು, ಅರ್ಥ ಹೇಳಿದರು, ಅರ್ಧ ಜನ ಮಲಗಿದರು. ಐದು ಗಂಟೆಗೆ ಎದ್ದು, "ಭಾಳ ಛಲೋ ಆಯ್ತು," ಎಂದು ಭಜಿ ತಿಂದು ಹೋದರು. ನಡುಮನೆಯಲ್ಲಿ ನನ್ನ ಹಿತ್ತಾಳೆ ತಾಂಬೂಲದ ತಟ್ಟೆ ಯಾರೂ ಮುಟ್ಟದೆ ಹಾಗೇ ಇತ್ತು.

ಗಂಡ ಬಂದ ಕೂಡಲೇ ಹಿಡಿದುಕೊಂಡೆ.

"ನಿಮಗ ಗೊತ್ತಿತ್ತೇನು ಅವರು ನೆಲಕ್ಕಂತ ಬರ್ತಾರಂತ?"

"ಗೊತ್ತಿತ್ತು."

"ಮತ್ತ ಹೇಳ್ಲಿಕ್ಕ ಏನ್ ಧಾಡಿ ಆಗಿತ್ತು?"

"ಎರಡು ಸಲ ಶುರು ಮಾಡೀನಿ," ಎಂದರು. "ಮುಗಸ್ಲಿಕ್ಕ ನೀ ಬಿಡಲಿಲ್ಲ."

ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಮಾತು ಮೀರಿ ಒಂದು ವಾಕ್ಯವನ್ನಾದರೂ ಮುಗಿಸಿದ್ದರೆ ಏನಾಗುತ್ತಿತ್ತು? ಕಾರ್ಖಾನೆಯಲ್ಲಿ ಮಷೀನಿನ ಗದ್ದಲದ ಮೇಲೆ ಕೂಗಿ ಮಾತಾಡುವ ಮನುಷ್ಯ, ನನ್ನೆದುರು ಒಂದು ಮಾತು ಕೂಗಲಾರನೇ? ಎಂದು ಆ ಸಂಜೆ ಅರ್ಧ ತಾಸು ಒಬ್ಬಳೇ ಕೂಗಿದೆ. ಅದನ್ನೂ ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

ಮರುದಿನದಿಂದ ಖುರ್ಪಿ ಹಿಡಿದೆ. ಈ ಜನ್ಮದಲ್ಲಿ ಬಿಡಬಾರದು ಎಂದು ಹಚ್ಚಿಸಿದ ಅಂಟು ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಮಾರ್ಬಲ್ಲು ಉಗುರಿನಷ್ಟು ಉಗುರಿನಷ್ಟೇ ಏಳುತ್ತದೆ. ಕಾರ್ಖಾನೆಯ ಸಣ್ಣ ಮಷೀನು ತಂದು ಉಜ್ಜಿ ಕೊಡಿ ಎಂದರೆ, "ಅಂಟಿನ ಮ್ಯಾಲ ಮಷೀನು ನಡ್ಯಂಗಿಲ್ಲ. ಮದಲ ನೀ ಕೆತ್ತಿ ತಗಿ," ಎಂದರು. ಅದೂ ಅಲ್ಲದೆ ಅವರಿಗೆ ಸಂಜೆ ಪುರುಸೊತ್ತಿಲ್ಲ. ಯಾಕಿಲ್ಲ ಎಂದರೆ ರತ್ನಾಬಾಯಿ ತನ್ನ ಪಡಸಾಲೆಯ ಟೈಲ್ಸು ಕೀಳಿಸಿ ಫರಸಿ ಹಾಕಿಸುತ್ತಿದ್ದಾಳೆ. ಹಾಕುತ್ತಿರುವವರು ನನ್ನ ಗಂಡ!

ನಾಲ್ಕನೆಯ ದಿನ ಅಡುಗೆಮನೆಯ ನೀಲಿ ಕಲ್ಲು ಕಂಡಿತು. ಮೊಳದಷ್ಟು ಕೆತ್ತುವ ಹೊತ್ತಿಗೆ ಬೆರಳೆಲ್ಲ ಸುಲಿದಿತ್ತು. ಮದುವೆಯಾದ ವರ್ಷ ಈ ನೆಲವನ್ನು ಅವರೇ ಹಾಕಿದ್ದು. ಹಗಲು ಮಂದಿಯ ಕಲ್ಲಿಗೆ ಪಾಲಿಶ್ ಹೊಡೆದು, ಸಂಜೆ ಖಣಿಗೆ ಹೋಗಿ ಒಂದೊಂದಾಗಿ ಆರಿಸಿ ತಂದಿದ್ದರು. ಒಲೆಯ ಮುಂದೆ ಕುಳಿತವಳಿಗೆ ಕೆಳಗಿನಿಂದಾದರೂ ತಂಪಿರಲಿ ಎಂದು ಆ ನೀಲಿಯದನ್ನು ಅಲ್ಲಿ ಕೂರಿಸಿದ್ದರು. ಇದನ್ನು ಅವರು ಹೇಳಿರಲಿಲ್ಲ, ಆಗ ನಮ್ಮತ್ತೆ ಹೇಳಿದ್ದರು. ನಾನು ಅದನ್ನು ಮರೆತೇ ಬಿಟ್ಟಿದ್ದೆ. ಖುರ್ಪಿ ಕೆಳಗಿಟ್ಟು ಆ ಮೊಳದಷ್ಟು ಜಾಗದಲ್ಲಿ ಕಾಲು ಮಡಚಿ ಕುಳಿತೆ. ನಾಚಿಕೆಯಾಯಿತು, ಅಳುವೂ ಬಂತು. ನನ್ನ ಮೇಲೆ ನನಗೇ ಬಂದ ಸಿಟ್ಟು ಉಳಿದ ಸಿಟ್ಟುಗಳನ್ನೆಲ್ಲ ಮೀರಿಸಿತು.

ಸಂಜೆ ಅವರು ಹಿತ್ತಲಿಗೆ ತಾಟು ಒಯ್ಯುವಾಗ ತಡೆದು ಕೇಳಿದೆ. "ರತ್ನಾಬಾಯಿಗಿ ಎಂಥಾ ಕಲ್ಲು ಹಾಕ್ಲಿಕತ್ತೀರಿ?"

"ನಮ್ಮನ್ಯಾಗಿನಂಥಾದ್ದೇ."

"ಅಡಿಗಿಮನ್ಯಾಗ ನೀಲಿದೂ ಹಾಕ್ತೀರೇನು?"

ಅವರು ಕೆತ್ತಿದ ಜಾಗವನ್ನು ನೋಡಿದರು, ನನ್ನ ಬೆರಳುಗಳನ್ನು ನೋಡಿದರು. "ಅದು ಒಂದೇ ಸಿಕ್ಕಿತ್ತು," ಎಂದರು. ನಾನು ಮಧ್ಯೆ ಬಾಯಿ ಹಾಕಲಿಲ್ಲವಾದ್ದರಿಂದ ವಾಕ್ಯ ಪೂರ್ತಿಯಾಯಿತು.

ಆ ರಾತ್ರಿಯ ಊಟ ಇಬ್ಬರೂ ಕಟ್ಟೆಯ ಮೇಲೇ ಮಾಡಿದೆವು. ಮನಸ್ಸು ಸ್ವಲ್ಪ ತಣ್ಣಗಾಗಿತ್ತು. ಇವತ್ತು ಬೆಳಿಗ್ಗೆ ರತ್ನಾಬಾಯಿಯ ಫೋನು ಬರದಿದ್ದರೆ ತಣ್ಣಗೇ ಇರುತ್ತಿದ್ದೆ, ಇದನ್ನು ಬರೆಯುತ್ತಲೂ ಇರಲಿಲ್ಲ.

"ಭುವನಾ, ನಿನ್ನ ಗಂಡ ಎಂಥಾ ನೆಲಾ ಹಾಕ್ಯಾರ ಅಂತೀ! ಬಂಗಾರದಂಥಾ ಮನುಷ್ಯಾ. ಬಳಗದವರೆಲ್ಲ ಜೂನ್ ತಿಂಗಳ ನಮ್ಮ ಮನಿನೇ ಅಂದಾರ. ನೀ ಬರಾಗ ಏನೂ ತರಬ್ಯಾಡ," ಎಂದಳು. ಆಮೇಲೆ ನನ್ನ ಮೇಲೆ ಭಾಳ ಕನಿಕರ ಬಂದವಳ ಹಾಗೆ ದನಿ ತಗ್ಗಿಸಿ ಹೇಳಿದಳು: "ಬರೇ ಒಂದು ತಲಿದಿಂಬು ತಗೊಂಡು ಬಾ."